ಸಹಾಯ ಬೇಕು: ಶೇವಿಂಗ್ ಸೋಪಿನ ನಿಜವಾದ ಖರ್ಚು ಲೆಕ್ಕ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬ್ರಷ್‌ನಲ್ಲಿ ನೊರೆ ಎಬ್ಬಿಸಿ ಶೇವ್ ಮಾಡುವವರಿಗೆ ಈ ಪ್ರಶ್ನೆ.

ಡಬ್ಬಿಯ ಬೆಲೆ ನೋಡಿ ಅಗ್ಗ, ದುಬಾರಿ ಅನ್ನುವುದರಲ್ಲಿ ಅರ್ಥ ಇಲ್ಲ ಅನ್ನಿಸಿದೆ. ಗಟ್ಟಿ ಸೋಪಿನಲ್ಲಿ ನೀರು ಕಡಿಮೆ, ಹಾಗಾಗಿ ನಿಧಾನಕ್ಕೆ ಸವೆಯುತ್ತದೆ. ಮೆತ್ತನೆಯದು ಬ್ರಷ್‌ಗೆ ಬೇಗ ಹತ್ತುತ್ತದೆ, ಖಾಲಿಯಾಗುವುದೂ ಬೇಗ. ಕ್ರೀಮಿನಲ್ಲಂತೂ ನೀರಿಗೂ ದುಡ್ಡು ಕೊಡುತ್ತೇವೆ, ಅಲ್ವಾ?

ಹಾಗಾಗಿ ಒಂದು ಶೇವ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಎಂದು ಅಳೆಯುವ ಯೋಚನೆ. ಮೊದಲು ತೂಕ ಮಾಡಿ, 30 ಶೇವ್‌ಗೆ ಅದೊಂದನ್ನೇ ಬಳಸಿ, ಪೂರ್ತಿ ಒಣಗಿಸಿ ಮತ್ತೆ ತೂಗುವುದು. ಒದ್ದೆ ಇದ್ದರೆ ನೀರಿನ ತೂಕವೂ ಸೇರಿ ಲೆಕ್ಕ ಕೆಡುತ್ತದೆ. ಒಣಗಲು ಎಷ್ಟು ದಿನ ಬಿಡಬೇಕು? ಅಡುಗೆಮನೆಯ ತಕ್ಕಡಿ ಸಾಕಾ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕೆನೆಯಂಥ ಕೊಳೆ ಆಗುತ್ತದೆ. ಅಷ್ಟು ಸೋಪು ಸುಮ್ನೆ ದಂಡ. ಅಂದರೆ ಮೆದು ನೀರಿನವರ ಲೆಕ್ಕ ನನಗೆ ಹೊಂದುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಹೋಲಿಸಿ ನೋಡಿದವರು ಇದ್ದೀರಾ?

ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಸ್ಟಿಯರಿಕ್ ಆಸಿಡ್ (ಒಂದು ಕೊಬ್ಬಿನಾಮ್ಲ), ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೊಬ್ಬನ್ನು ಸೋಪಾಗಿಸುವ ಕ್ಷಾರ), ಗ್ಲಿಸರಿನ್ ನೋಡುತ್ತೇನೆ. ಸ್ಟಿಯರಿಕ್ ಇದ್ದರೆ ನೊರೆ ದಟ್ಟವಾಗಿ ನಿಲ್ಲುತ್ತದೆ. ಆದರೆ ಬ್ಲೇಡು ಜಾರುವುದು, ಆಮೇಲೆ ಚರ್ಮ ಬಿಗಿಯದಿರುವುದು, ಇವಕ್ಕೆ ನೀವು ಹೇಗೆ ಅಂಕ ಕೊಡುತ್ತೀರಿ? ಪರಿಮಳಕ್ಕೆ, ಚೆಂದದ ಡಬ್ಬಿಗೆ ನಾನಂತೂ ಸೊನ್ನೆ ಕೊಡುವವನು. ಬ್ರ್ಯಾಂಡಿನ ಹೆಸರಿಗಿಂತ ನೀವು ಅಳೆಯುವ ರೀತಿ ಹೇಳಿದರೆ ಉಪಕಾರ.