1987ರ ಆರ್‌ಎಕ್ಸ್-7: 5000 ಆರ್‌ಪಿಎಂ ದಾಟಿದ ಮೇಲೆ ಎಳೆತ ಇಲ್ಲ, ಟ್ರ್ಯಾಕ್‌ಗೆ ಪವರ್ ಹೆಚ್ಚಿಸೋದು ಹೇಗೆ?

ಕೆಂಪು_ಎಫ್‌ಸಿ:

ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರು, ಈಗ ಇರೋದು ಸ್ಯಾನ್ ಹೋಸೆಯಲ್ಲಿ. ಹೋದ ವರ್ಷ 1987ರ ಮಜ್ದಾ ಆರ್‌ಎಕ್ಸ್-7 ತಗೊಂಡೆ. ಟರ್ಬೊ ಇಲ್ಲದ 13ಬಿ ರೋಟರಿ ಎಂಜಿನ್, ಐದು ಗೇರು. ರಸ್ತೆ ಮೇಲೆ ಓಡಿಸಲ್ಲ, ಟ್ರೈಲರ್‌ಗೆ ಹತ್ತಿಸಿ ಥಂಡರ್‌ಹಿಲ್ ಟ್ರ್ಯಾಕ್‌ಗೆ ಒಯ್ತೀನಿ. ಹಿಂದಿನ ಮಾಲೀಕರು ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಹೆಡರ್ (ಹೊಗೆ ಸಲೀಸಾಗಿ ಹೋಗೋ ಎಕ್ಸಾಸ್ಟ್ ಕೊಳವೆಗಳು), ನೇರ ಪೈಪು, ಕೊನೆಗೊಂದು ಮಫ್ಲರ್ ಹಾಕಿಸಿದ್ದಾರೆ.

ತೊಂದರೆ ಏನಂದ್ರೆ, 4500ರವರೆಗೆ ಚೆನ್ನಾಗೇ ಹೋಗುತ್ತೆ. 5000 ದಾಟಿದ್ರೆ ಸದ್ದು ಏರುತ್ತೆ, ಕಾರು ಏರಲ್ಲ. ನೇರ ದಾರಿಯಲ್ಲಿ ಮಿಯಾಟಾಗಳೂ (ಮಜ್ದಾದ ಸಣ್ಣ ಸ್ಪೋರ್ಟ್ಸ್ ಕಾರು) ಹಿಂದೆ ಹಾಕ್ತಾವೆ. ಒಂದು ಗ್ಯಾರೇಜಿನಲ್ಲಿ ‘ಎಂಜಿನ್ ಮುಗೀತು, ಹೇಗೂ ಬಿಚ್ತೀವಲ್ಲ, ಬ್ರಿಡ್ಜ್ ಪೋರ್ಟ್ ಮಾಡಿಸಿಬಿಡಿ’ ಅಂದ್ರು, ಅಂದ್ರೆ ಗಾಳಿ ಒಳಬರೋ ಕಿಂಡಿ ಪಕ್ಕ ಇನ್ನೊಂದು ಕೊರೆಯೋದು. ಗೆಳೆಯರೊಬ್ಬರು ಟರ್ಬೊ ಹಾಕು ಅಂತಾರೆ. ದುಡ್ಡು ಒಂದೇ ಸಲ ಸುರಿಯೋ ಸ್ಥಿತಿ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಎರಡು_ರೋಟರ್:

ದಯವಿಟ್ಟು ಎಂಜಿನ್ ಬಿಚ್ಚಿಸಬೇಡಿ. ನೀವು ಹೇಳಿದ್ದು ಓದಿದ್ರೆ ನಿಮ್ಮ ಐದನೇ ಮತ್ತು ಆರನೇ ಪೋರ್ಟ್ (ಗಾಳಿ ಒಳಬರೋ ಕಿಂಡಿ) ತೆರೀತಾನೇ ಇಲ್ಲ ಅಂತ ನನಗೆ ಬಲವಾದ ಅನುಮಾನ.

ರೋಟರಿ ಎಂಜಿನ್ನಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತೆ, ವಾಲ್ವ್ ಇಲ್ಲ. ಪಕ್ಕದ ಗೋಡೆಯಲ್ಲಿ ಕಿಂಡಿ ಇರುತ್ತೆ, ರೋಟರ್ ತಿರುಗ್ತಾ ತಿರುಗ್ತಾ ಅದನ್ನ ಮುಚ್ಚಿ ತೆಗೆಯುತ್ತೆ. ನಿಮ್ಮ ಎಂಜಿನ್ನಲ್ಲಿ ಒಂದೊಂದು ರೋಟರ್‌ಗೆ ಒಳಬರುವ ಗಾಳಿಗೆ ಮೂರು ಕಿಂಡಿ, ಒಟ್ಟು ಆರು. ಅದರಲ್ಲಿ ಐದನೇದು, ಆರನೇದರ ಒಳಗೆ ತಿರುಗೋ ಕೊಳವೆ ಕೂತಿದೆ. ಕೆಳಗಿನ ಆರ್‌ಪಿಎಂನಲ್ಲಿ ಅದು ಕಿಂಡಿ ಮುಚ್ಚಿರುತ್ತೆ, 4000ದ ಆಸುಪಾಸಿನಲ್ಲಿ ತಿರುಗಿ ಬಿಟ್ಟುಕೊಡುತ್ತೆ. ಆಗ ಗಾಳಿ ಹೆಚ್ಚು ಹೊತ್ತು ಒಳಗೆ ಬರುತ್ತೆ. ಕಂಪನಿ ಹೇಳಿದ 146 ಅಶ್ವಶಕ್ತಿ 6500ರಲ್ಲಿ ಸಿಗೋದು ಈ ಎರಡು ಕಿಂಡಿ ತೆರೆದಾಗಲೇ.

ಈ ಕೊಳವೆಯನ್ನ ತಿರುಗಿಸೋದು ಎಕ್ಸಾಸ್ಟಿನ ಒತ್ತಡ. 1989ರಿಂದ ಬಂದ ಕಾರುಗಳಲ್ಲಿ ಏರ್ ಪಂಪ್ ಆ ಕೆಲಸ ಮಾಡುತ್ತೆ, ನಿಮ್ಮ 87ರಲ್ಲಿ ಹಾಗಿಲ್ಲ. ಕ್ಯಾಟ್ ತೆಗೆದು ನೇರ ಪೈಪು ಹಾಕಿದಾಗ ಹೊಗೆ ಸಲೀಸಾಗಿ ಹೊರಗೆ ಹೋಯ್ತು, ಅದು ಒಳ್ಳೇದೇ. ಆದ್ರೆ ಕೊಳವೆ ತಿರುಗಿಸೋಕೆ ಬೇಕಾದ ಒತ್ತಡವೂ ಅದರ ಜೊತೆಗೇ ಹೋಯ್ತು. ಹಾಗಾಗಿ ಹೆಡರ್ ಹಾಕಿದ ಮೇಲೆ ಪವರ್ ಕಮ್ಮಿಯಾದ ಕಾರುಗಳು ಬೇಕಾದಷ್ಟಿವೆ, ಅದರಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲ.

ಪರೀಕ್ಷೆ ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಮುಂದೊಂದು, ಹಿಂದೊಂದು ಆಕ್ಚುಯೇಟರ್ (ಒತ್ತಡ ಬಂದಾಗ ಕೊಳವೆ ತಿರುಗಿಸೋ ಡಬ್ಬಿ) ಇದೆ, ಅದರಿಂದ ಸಣ್ಣ ಸರಳು ಹೊರಗೆ ಬಂದಿರುತ್ತೆ. ಹಿಂದಿನದು ಫೈರ್‌ವಾಲ್ ಕಡೆಗಿದೆ, ಕನ್ನಡಿ, ಟಾರ್ಚು ಇಟ್ಕೊಳ್ಳಿ. ಸರಳಿನ ಮೇಲೆ ಬಿಳಿ ಬಣ್ಣದ ಗೆರೆ ಹಾಕಿ. ಆಕ್ಚುಯೇಟರ್‌ನ ಹೋಸ್ ಬಿಚ್ಚಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡಿ. ಜೋರಾಗಿ ಒತ್ತಿದ್ರೆ ಒಳಗಿನ ಡಯಾಫ್ರಾಮ್ ಹರಿಯುತ್ತೆ. ಗೆರೆ ನುಣ್ಣಗೆ ಸರಿದು, ಗಾಳಿ ಬಿಟ್ಟ ಕೂಡಲೇ ಸ್ಪ್ರಿಂಗ್ ಎಳೆತಕ್ಕೆ ವಾಪಸ್ ಬರಬೇಕು. ಬರದಿದ್ರೆ ಕೊಳವೆ ಕಾರ್ಬನ್‌ನಲ್ಲಿ ಕಚ್ಚಿಕೊಂಡಿದೆ. ಮ್ಯಾನಿಫೋಲ್ಡ್ ತೆಗೆದು ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ ಉಜ್ಜಿ.

ಆಮೇಲೆ ಎರಡು ದಾರಿ. 12 ವೋಲ್ಟಿನ ಸಣ್ಣ ಪಂಪು, ಅದಕ್ಕೊಂದು ಆರ್‌ಪಿಎಂ ಸ್ವಿಚ್ಚು. ಇಲ್ಲಾಂದ್ರೆ ಸರಳನ್ನ ತೆರೆದ ಸ್ಥಿತಿಯಲ್ಲೇ ತಂತಿಯಿಂದ ಕಟ್ಟಿಬಿಡಿ. ಊರೊಳಗೆ ಓಡಿಸೋರಿಗೆ ಇದು ಬೇಡ, ಕೆಳಗಿನ ಎಳೆತ ಸಾಯುತ್ತೆ. ಟ್ರ್ಯಾಕಿನಲ್ಲಿ ನೀವು 5000ಕ್ಕಿಂತ ಕೆಳಗೆ ಇಳಿಯೋದೇ ಅಪರೂಪ, ಆದ್ದರಿಂದ ಮೊದಲು ಹಾಗೇ ಕಟ್ಟಿ ನೋಡಿ.

ಕಂಪ್ರೆಷನ್ (ಎಂಜಿನ್ನಿನೊಳಗೆ ಗಾಳಿ ಅದುಮಿದಾಗಿನ ಒತ್ತಡ) ನೋಡದೆ ಎಂಜಿನ್ ಮುಗೀತು ಅನ್ನೋರ ಮಾತು ನಂಬಬೇಡಿ. ಒಂದು ರೋಟರ್‌ಗೆ ಮೂರು ಮುಖ, ಸಾಮಾನ್ಯ ಗೇಜು ಮೂರರಲ್ಲಿ ಒಳ್ಳೇದನ್ನ ಮಾತ್ರ ತೋರಿಸಿ ಸುಮ್ಮನಾಗುತ್ತೆ. ರೋಟರಿಗೆಂದೇ ಇರೋ ಟೆಸ್ಟರ್ ಇರುವವರ ಹತ್ರ ಹೋಗಿ. 250 ಆರ್‌ಪಿಎಂನಲ್ಲಿ ಮಜ್ದಾ ಹೇಳೋ ಕನಿಷ್ಠ 85 ಪಿಎಸ್‌ಐ, ಮುಖ ಮುಖಕ್ಕೆ ವ್ಯತ್ಯಾಸ 21 ಮೀರಬಾರದು. ಅಷ್ಟಿದ್ರೆ ನಿಮ್ಮ ಎಂಜಿನ್ ಗಟ್ಟಿಯಾಗಿದೆ.

ಇನ್ನು ಬಿಸಿ. ಪವರ್ ಬಗ್ಗೆ ಕೇಳೋರೆಲ್ಲ ಇದನ್ನ ಬಿಡ್ತಾರೆ, ನನಗೆ ಬೇಜಾರು ಅದೇ. ಈ ಎಂಜಿನ್ನಿನ ಬಿಸಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲನ್ನ ಹೊರಗೆ ಹಾಕೋದು ಆಯಿಲ್. ರೇಡಿಯೇಟರ್ ಕೆಳಗಿನ ಆಯಿಲ್ ಕೂಲರ್‌ನ ರೆಕ್ಕೆಗಳು ಮಣ್ಣು, ಹುಲ್ಲು ತುಂಬಿ ಮುಚ್ಚಿರುತ್ತವೆ, ತೊಳೀರಿ. ಮುಂದಿಂದ ಬಂದ ಗಾಳಿ ಪಕ್ಕದಿಂದ ನುಸುಳದ ಹಾಗೆ ಸಂದುಗಳನ್ನ ಶೀಟು, ಫೋಮ್ ಇಟ್ಟು ಮುಚ್ಚಿ. ಆಯಿಲ್ ಟೆಂಪರೇಚರ್ ಗೇಜು ಹಾಕಿಸಿ, 110 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಪಿಟ್‌ಗೆ ಬನ್ನಿ. ಅಲ್ಯೂಮಿನಿಯಂ ಹೌಸಿಂಗು, ಕಬ್ಬಿಣದ ಹೌಸಿಂಗು ಒಂದರ ಪಕ್ಕ ಒಂದು ಕೂತಿವೆ, ಬಿಸಿಗೆ ಹಿಗ್ಗೋದು ಬೇರೆ ಬೇರೆ ಲೆಕ್ಕದಲ್ಲಿ. ಒಮ್ಮೆ ಕುದ್ರೆ ನಡುವಿನ ಕೂಲೆಂಟ್ ಸೀಲು ಹೋಗುತ್ತೆ, ಆಗ ನಿಜವಾಗ್ಲೂ ಎಂಜಿನ್ ಬಿಚ್ಚಬೇಕು. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸೋದು ರೂಢಿ ಮಾಡ್ಕೊಳ್ಳಿ, ರೋಟರ್ ತುದಿಗಳಲ್ಲಿರೋ ಅಪೆಕ್ಸ್ ಸೀಲ್‌ಗೆ ಒಳ್ಳೇದು. ಟ್ರ್ಯಾಕಿಗೆ ನಾನು ನೂರಕ್ಕೆ ಒಂದು ಪಾಲು ಹಾಕ್ತೀನಿ.

ಆಕ್ಲೆಂಡ್_ಭಟ್ಟ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಬ್ರಿಡ್ಜ್ ಪೋರ್ಟ್ ಬಗ್ಗೆ ನಾನೊಂದಿಷ್ಟು ಸೇರಿಸ್ತೀನಿ, ಇಲ್ಲಿ ನ್ಯೂಜಿಲೆಂಡಿನಲ್ಲಿ ಅದರ ಹುಚ್ಚು ಜಾಸ್ತಿ.

ಇರೋ ಕಿಂಡಿಯ ಪಕ್ಕ ಹುಬ್ಬಿನ ಆಕಾರದ ಇನ್ನೊಂದು ಕಿಂಡಿ ಕೊರೀತಾರೆ. ನಡುವೆ ಉಳಿಯೋ ತೆಳು ಪಟ್ಟಿಯ ಮೇಲೆ ರೋಟರ್ ಮೂಲೆಯ ಕಾರ್ನರ್ ಸೀಲ್ ಜಾರಿಕೊಂಡು ಹೋಗಬೇಕು, ಆ ಪಟ್ಟಿಯೇ ಬ್ರಿಡ್ಜು. ಮೇಲಿನ ಆರ್‌ಪಿಎಂನಲ್ಲಿ ಪವರ್ ಖಂಡಿತ ಬರುತ್ತೆ. ಆದ್ರೆ ಐಡಲ್‌ನಲ್ಲಿ ಎಂಜಿನ್ ಕುಂಟುತ್ತೆ, ಪೆಟ್ರೋಲ್ ನೀರಿನ ಹಾಗೆ ಕುಡಿಯುತ್ತೆ. ನಿಮ್ಮ ಕಾರಿನ ಬಾಗಿಲಿನ ಹಾಗೆ ತೆರೆಯೋ ರೆಕ್ಕೆ ಇಟ್ಟು ಗಾಳಿ ಅಳೆಯೋ ಏರ್ ಫ್ಲೋ ಮೀಟರ್‌ಗೆ ಆ ಗಾಳಿಯ ಅಲೆ ಅರ್ಥವಾಗಲ್ಲ, ಹೊಸ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಟ್ಯೂನಿಂಗು ಎಲ್ಲ ಬೇಕು. ಸದ್ದಂತೂ ಕೇಳಲೇಬೇಡಿ. ನಿಮ್ಮ ಹತ್ತಿರದ ಲಗುನಾ ಸೆಕಾದಲ್ಲಿ ಬಹಳಷ್ಟು ದಿನ 90-92 ಡೆಸಿಬಲ್ ಆಸುಪಾಸಿನ ಮಿತಿ ಇರುತ್ತೆ, ಮೀರಿದ್ರೆ ಕಪ್ಪು ಬಾವುಟ ತೋರಿಸಿ ಹೊರಗೆ ಕರೀತಾರೆ.

1991ರಲ್ಲಿ ಲೆ ಮಾನ್ಸ್ ಗೆದ್ದ 787ಬಿ ಇನ್ನೂ ಮುಂದೆ ಹೋಗಿ ಪೆರಿಫೆರಲ್ ಪೋರ್ಟ್ (ಪಕ್ಕದ ಗೋಡೆ ಬಿಟ್ಟು ರೋಟರ್ ಸುತ್ತಲಿನ ಹೌಸಿಂಗಿನಲ್ಲೇ ಕಿಂಡಿ) ಬಳಸಿತ್ತು. ನಾಲ್ಕು ರೋಟರ್, ಸುಮಾರು 700 ಅಶ್ವಶಕ್ತಿ. ಆದರೆ ಅದಕ್ಕೆ ಉದ್ದ ಬದಲಾಗುವ ಇನ್‌ಟೇಕ್ ಕೊಳವೆಗಳಿದ್ದವು, ರೋಟರ್‌ಗೆ ಮೂರು ಮೂರು ಸ್ಪಾರ್ಕ್ ಪ್ಲಗ್ ಇದ್ದವು. ಬರೀ ಕಿಂಡಿ ದೊಡ್ಡದು ಮಾಡಿ ಗೆದ್ದಿದ್ದಲ್ಲ. ಮುಂದೆ ಯಾವತ್ತಾದ್ರೂ ಎಂಜಿನ್ ಬಿಚ್ಚೋ ಹೊತ್ತು ಬಂದಾಗ ಹದವಾದ ಸ್ಟ್ರೀಟ್ ಪೋರ್ಟ್ (ಇರೋ ಕಿಂಡಿಯನ್ನೇ ಸ್ವಲ್ಪ ಅಗಲ ಮಾಡೋದು) ಮಾಡಿಸಿ, ಸಾಕು.

ಕೆಂಪು_ಎಫ್‌ಸಿ:

ಸರ್, ನೀವು ಹೇಳಿದ ಹಾಗೇ ಆಯ್ತು! ಮುಂದಿನ ಸರಳು ಸೈಕಲ್ ಪಂಪಿಗೆ ಸರಿಯಾಗಿ ಆಡ್ತು, ಹಿಂದಿನದು ಅಲ್ಲಾಡಲೇ ಇಲ್ಲ. ಮ್ಯಾನಿಫೋಲ್ಡ್ ತೆಗೆದು ನೋಡಿದ್ರೆ ಕೊಳವೆಯ ಸುತ್ತ ಕಪ್ಪು ಕಿಟ್ಟ. ರಾತ್ರಿಯಿಡೀ ನೆನೆಸಿದ ಮೇಲೆ ಬೆರಳಲ್ಲೇ ತಿರುಗ್ತಿದೆ. ಎರಡನ್ನೂ ತೆರೆದೇ ಕಟ್ತೀನಿ. ಕಂಪ್ರೆಷನ್ನೂ ಮಾಡಿಸಿದೆ, ಅತಿ ಕಮ್ಮಿ ಮುಖವೇ 98 ಇದೆ. ಹಾಗಾದ್ರೆ ಟರ್ಬೊ ಯೋಚನೆ ಬಿಡ್ಲಾ?

ಎರಡು_ರೋಟರ್:

98 ಕೇಳಿ ತುಂಬ ಖುಷಿಯಾಯ್ತು. ಟರ್ಬೊ ಬಿಡಿ. ಟರ್ಬೊ ಕಾರಿನ ರೋಟರ್‌ಗಳ ಕಂಪ್ರೆಷನ್ ಅನುಪಾತವೇ 8.5, ನಿಮ್ಮದು 9.4. ಅದರ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲೂ ದಪ್ಪ. ನಿಮ್ಮದಕ್ಕೆ ಬೂಸ್ಟ್ ಕೊಟ್ಟು ಒಮ್ಮೆ ನಾಕ್ (ಪೆಟ್ರೋಲ್ ಹದ ತಪ್ಪಿ ಸಿಡಿಯೋದು) ಆದ್ರೆ ಅಪೆಕ್ಸ್ ಸೀಲ್ ಮುರಿಯುತ್ತೆ. ಆ ದುಡ್ಡನ್ನ ಬ್ರೇಕ್ ಪ್ಯಾಡು, ಟೈರಿಗೆ ಹಾಕಿ.

ಮ್ಯಾನಿಫೋಲ್ಡ್ ವಾಪಸ್ ಹಾಕೋಕೆ ಮುಂಚೆ ಇದೊಂದನ್ನ ಇವತ್ತೇ ನೋಡಿ. ಇಂಜೆಕ್ಟರ್ಗಳಿಗೆ ಪೆಟ್ರೋಲ್ ಕೊಡೋ ಪ್ರೈಮರಿ ಫ್ಯೂಯೆಲ್ ರೈಲಿನ ತುದಿಯಲ್ಲಿ ಪಲ್ಸೇಷನ್ ಡ್ಯಾಂಪರ್ ಅಂತ ಗುಂಡಗೆ ಲೋಹದ ಭಾಗ ಇದೆ, ತಲೆ ಮೇಲೊಂದು ಸ್ಕ್ರೂ. ವಯಸ್ಸಾದ ಮೇಲೆ ಒಳಗಿನ ಡಯಾಫ್ರಾಮ್ ಬಿರುಕು ಬಿಟ್ಟು ಆ ಸ್ಕ್ರೂ ಪಕ್ಕದಿಂದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತೆ. ಎಷ್ಟೋ ಎಫ್‌ಸಿಗಳು (ನಿಮ್ಮ ತಲೆಮಾರಿನ ಆರ್ಎಕ್ಸ್-7) ಸುಟ್ಟು ಹೋಗಿದ್ದು ಹೀಗೇ. ಪೆಟ್ರೋಲ್ ಪಂಪ್ ಓಡುವಾಗ ಅಲ್ಲಿ ಬೆರಳಿಟ್ಟು ನೋಡಿ. ಒಣಗಿದ್ರೂ ಹಳೇದನ್ನ ಉಳಿಸಬೇಡಿ, ಹೊಸದು ಹಾಕಿ ಅಥವಾ ಅದನ್ನ ತೆಗೆದು ಬ್ಯಾಂಜೊ ಬೋಲ್ಟ್ (ಪೆಟ್ರೋಲ್ ಹರಿಯೋ ಟೊಳ್ಳು ಬೋಲ್ಟ್) ಹಾಕಿಸಿ. ಮ್ಯಾನಿಫೋಲ್ಡ್ ಕೂತ ಮೇಲೆ ಅಲ್ಲಿಗೆ ಕೈ ಹೋಗಲ್ಲ.