ಒಲಿಂಪಿಕ್ಸ್ ಬಿಡ್‌ನಿಂದ ನಗರಗಳು ಅರ್ಧದಾರಿಯಲ್ಲೇ ಯಾಕೆ ವಾಪಸ್ ಬರುತ್ತವೆ?

ಓಟದಹುಚ್ಚ:
ನಮಸ್ಕಾರ. ಹಳೇ ಒಲಿಂಪಿಕ್ಸ್‌ಗಳ ಬಗ್ಗೆ ಓದುತ್ತಾ ಕೂತಿದ್ದೆ, ಒಂದು ವಿಷಯ ತಲೆಗೆ ಹತ್ತಲಿಲ್ಲ. 2024ರ ಕೂಟ ನಮಗೆ ಕೊಡಿ ಅಂತ ಬಿಡ್ ಹಾಕಲು ಅಮೆರಿಕದ ಕಡೆಯಿಂದ ಮೊದಲು ಬಾಸ್ಟನ್ ಹೊರಟಿತ್ತು. 2015ರ ಜುಲೈನಲ್ಲಿ ಅದು ಕೈಬಿಟ್ಟಿತು, ಲಾಸ್ ಏಂಜಲೀಸ್ ಬಂತು. ಅದೇ ನವೆಂಬರ್‌ನಲ್ಲಿ ಹ್ಯಾಂಬರ್ಗ್ ಜನ ಮತ ಹಾಕಿ ಬೇಡ ಅಂದರು. 2016ರಲ್ಲಿ ರೋಮ್, 2017ರಲ್ಲಿ ಬುಡಾಪೆಸ್ಟ್. ಕೊನೆಗೆ ಉಳಿದಿದ್ದು ಪ್ಯಾರಿಸ್ ಮತ್ತು ಲಾಸ್ ಏಂಜಲೀಸ್ ಎರಡೇ. ನಿನಗೆ 2024, ನಿನಗೆ 2028 ಅಂತ ಹಂಚಿಬಿಟ್ಟರು!

ಖರ್ಚು ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದು ಬಿಡ್‌ಗೆ ಹೋಗುವ ಮೊದಲು ಗೊತ್ತಿರಲಿಲ್ವಾ? ಮಧ್ಯದಲ್ಲಿ ಏನಾಗುತ್ತದೆ? ತಿಳಿದವರು ಹೇಳಿ.

ಗ್ಯಾಲರಿಗಿರಾಕಿ:
ಏನೂ ಆಗಲ್ಲ. ಚುನಾವಣೆ ಹತ್ತಿರ ಬರುತ್ತದೆ ಅಷ್ಟೇ.

ಲೆಕ್ಕದಪುಸ್ತಕ:
ಗ್ಯಾಲರಿಯವರ ಮಾತಿನಲ್ಲೂ ಸತ್ಯ ಇದೆ. ಆದರೆ ಅಸಲು ವಿಷಯ ಖರ್ಚಲ್ಲ, ಸಹಿ.

ಒಂದು ಕಾಲಕ್ಕೆ ನಾನು ಒಂದು ಬಿಡ್ ಕಚೇರಿಯಲ್ಲಿ ಕೆಲಸ ಮಾಡಿದ್ದೆ. ಊರಿನ ಹೆಸರು ಬೇಡ ಬಿಡಿ. ದೊಡ್ಡ ಕೆಲಸವೇನಲ್ಲ, ಹೋಟೆಲ್ ಕೋಣೆ ಎಣಿಸುವುದು. ಬೇಸಿಗೆ ಒಲಿಂಪಿಕ್ಸ್ ಅಂದರೆ ಸಾವಿರಾರು ಕೋಣೆ ತೋರಿಸಬೇಕು. ಇವೆ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ. ಒಂದೊಂದು ಹೋಟೆಲಿನಿಂದಲೂ ಪತ್ರ ಬೇಕು: ಇಷ್ಟು ಕೋಣೆ ಕೊಡುತ್ತೇವೆ, ಬಾಡಿಗೆ ಇದನ್ನು ಮೀರಲ್ಲ ಅಂತ. ಕೂಟ ಇರುವುದು ಎಂಟು ಒಂಬತ್ತು ವರ್ಷ ಆಚೆಗೆ!

ಒಬ್ಬ ಹೋಟೆಲ್ ಯಜಮಾನರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಂದಿನ ವಾರ ನೀರು ಬರುತ್ತೋ ಇಲ್ವೋ ನನಗೇ ಗೊತ್ತಿಲ್ಲ, ನೀವು ಒಂಬತ್ತು ವರ್ಷದ ಮಾತು ಕೇಳ್ತೀರಲ್ಲ" ಅಂದರು. ಆಮೇಲೆ ಸಹಿ ಹಾಕಿದರು. ಸೀಲ್‌ನಲ್ಲಿ ಇಂಕು ಒಣಗಿತ್ತು, ಮೂರು ಸಲ ಒತ್ತಿದರು. ಆ ಪತ್ರದಲ್ಲಿ ಹೋಟೆಲಿನ ಹೆಸರು ಅರ್ಧ ಮಾತ್ರ ಕಾಣುತ್ತಿತ್ತು.

ಬಿಡ್ ಅಂದರೆ ಪೂರ್ತಿ ಇಂಥ ಪತ್ರಗಳ ರಾಶಿ. ಪೊಲೀಸರದ್ದು, ವಿಮಾನ ನಿಲ್ದಾಣದ್ದು, ಮೈದಾನದ ಮಾಲೀಕರದ್ದು. ಎಲ್ಲದರ ಮೇಲೆ ಕೂರುವುದು ಹಣದ ಗ್ಯಾರಂಟಿ: ಕೂಟ ನಷ್ಟಕ್ಕೆ ಬಿದ್ದರೆ, ಕೆಲಸ ಅಂದಾಜಿಗಿಂತ ಜಾಸ್ತಿ ನುಂಗಿದರೆ, ತುಂಬಿಕೊಡುವವರು ಯಾರು? ಇದು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತ ಹಾಗೆ. ಸಾಲ ಎಷ್ಟು ಅಂತ ಮಾತ್ರ ಆ ಹೊತ್ತಿಗೆ ಯಾರಿಗೂ ಗೊತ್ತಿರಲ್ಲ. ಆರಂಭದಲ್ಲಿ ಚಿತ್ರ, ನಕ್ಷೆ, ಲೋಗೋ ನೋಡಿ ಎಲ್ಲರೂ ಖುಷಿಯಾಗಿರುತ್ತಾರೆ. ಈ ಕಾಗದ ಮೇಜಿಗೆ ಬಂದ ದಿನ ಕೋಣೆ ತಣ್ಣಗಾಗುತ್ತದೆ.

ಬಾಸ್ಟನ್‌ನಲ್ಲಿ ಆಗಿದ್ದೂ ಇದೇ. ತೆರಿಗೆದಾರರ ದುಡ್ಡನ್ನು ಅಡವಿಡುವ ಗ್ಯಾರಂಟಿಗೆ ನಾನು ಈಗ ಸಹಿ ಹಾಕಲ್ಲ ಅಂತ ಮೇಯರ್ ಮಾರ್ಟಿ ವಾಲ್ಶ್ ಬೆಳಿಗ್ಗೆ ಹೇಳಿದರು. ಅದೇ ದಿನ ಬಿಡ್ ಮುಗಿಯಿತು.

ಮಾಂಟ್ರಿಯಲ್ ಕಥೆ ಎಲ್ಲರ ತಲೆಯಲ್ಲೂ ಇರುತ್ತದೆ. ಗಂಡಸು ಹೇಗೆ ಹೆರಲಾರನೋ ಹಾಗೆ ಒಲಿಂಪಿಕ್ಸ್‌ಗೂ ನಷ್ಟ ಆಗಲಾರದು ಅಂತ ಅಲ್ಲಿನ ಮೇಯರ್ ಜೀನ್ ಡ್ರಾಪೋ ಹೇಳಿದ್ದರು. ಕೂಟ ನಡೆದಿದ್ದು 1976ರಲ್ಲಿ. ಸಾಲ ತೀರಿದ್ದು 2006ರಲ್ಲಿ. ಕ್ರೀಡಾಂಗಣದ ಗೋಪುರವಂತೂ ಕೂಟದ ಹೊತ್ತಿಗೆ ಅರ್ಧಕ್ಕೇ ನಿಂತಿತ್ತು.

ಮೂರನೇಟ್ರ್ಯಾಕ್:
ಸರ್, ಬರೀ ಕೆಟ್ಟದ್ದನ್ನೇ ಹೇಳಿದಿರಿ. 1984ರಲ್ಲಿ ಲಾಸ್ ಏಂಜಲೀಸ್‌ಗೆ 20 ಕೋಟಿ ಡಾಲರ್‌ಗೂ ಮೇಲೆ ಉಳಿಯಿತಲ್ವಾ? 1932ರ ಕೂಟ ನಡೆದಿದ್ದ ಕೊಲಿಸಿಯಂ ಕ್ರೀಡಾಂಗಣವನ್ನೇ ಮತ್ತೆ ಬಳಸಿದರು. 1992ರ ಕೂಟದ ನೆಪದಲ್ಲಿ ಬಾರ್ಸಿಲೋನಾ ಜನರಿಗೆ ಸಮುದ್ರತೀರವೇ ವಾಪಸ್ ಸಿಕ್ಕಿತು. ಬುದ್ಧಿ ಇದ್ದರೆ ಆಗುತ್ತದೆ.

ಲೆಕ್ಕದಪುಸ್ತಕ:
ಬಾರ್ಸಿಲೋನಾ ಒಪ್ಪಿದೆ. ಕೈಗಾರಿಕೆ, ರೈಲು ಹಳಿ ತುಂಬಿದ್ದ ತೀರ ಅದು. ಹೇಗೂ ಮಾಡಬೇಕಿದ್ದ ಕೆಲಸಕ್ಕೆ ಕೂಟ ಒಂದು ಗಡುವು ಕೊಟ್ಟಿತು.

ಲಾಸ್ ಏಂಜಲೀಸ್ ಮಾತ್ರ ನನ್ನ ಕಡೆಯ ಸಾಕ್ಷಿ ಸ್ವಾಮಿ! ನಗರದ ದುಡ್ಡು ಇದಕ್ಕೆ ಹೋಗಬಾರದು ಅಂತ ಅಲ್ಲಿನ ಜನ 1978ರಲ್ಲಿ ಮತ ಹಾಕಿದ್ದರು. ಆ ಹೊತ್ತಿಗೆ ಬೇರೆ ಯಾವ ನಗರವೂ ಕಣದಲ್ಲಿ ಇರಲಿಲ್ಲ. ಒಲಿಂಪಿಕ್ ಸಮಿತಿ ಬೇರೆ ದಾರಿ ಇಲ್ಲದೆ ಬಗ್ಗಿತು. ನಷ್ಟದ ಹೊಣೆ ನಗರದ ತಲೆಗೆ ಬರಲಿಲ್ಲ. ಅಂದರೆ ಲಾಭ ಮಾಡಿದ ಊರು ಜಾಮೀನು ನಿಲ್ಲಲಿಲ್ಲ.

ಇನ್ನೊಂದು ನೆನಪಾಯಿತು. ಡೆನ್ವರ್‌ಗೆ 1976ರ ಚಳಿಗಾಲದ ಒಲಿಂಪಿಕ್ಸ್ ಸಿಕ್ಕೇ ಬಿಟ್ಟಿತ್ತು. 1972ರಲ್ಲಿ ಆ ಊರಿರುವ ಕೊಲರಾಡೊ ರಾಜ್ಯದ ಜನ ದುಡ್ಡು ಕೊಡಲ್ಲ ಅಂತ ಮತ ಹಾಕಿದರು. ಗೆದ್ದಿದ್ದನ್ನು ವಾಪಸ್ ಕೊಟ್ಟು ಕೂತರು! ಕೂಟ ಇನ್ಸ್‌ಬ್ರಕ್‌ಗೆ ಹೋಯಿತು.

ಓಟದಹುಚ್ಚ:
ಥ್ಯಾಂಕ್ಸ್ ಸರ್, ಇದನ್ನು ಹೀಗೆ ಯೋಚಿಸಿರಲಿಲ್ಲ. ಈಗ ಹಳೇ ಥರ ಪೈಪೋಟಿ ಇಲ್ಲವಂತಲ್ಲ? ಬ್ರಿಸ್ಬೇನ್‌ಗೆ 2032 ಸಿಕ್ಕಾಗ ಎದುರಾಳಿಯೇ ಇರಲಿಲ್ಲ. ಹಾಗಾದರೆ ಈ ರಗಳೆ ತಪ್ಪಿತಲ್ಲ?

ಲೆಕ್ಕದಪುಸ್ತಕ:
2019ರಲ್ಲಿ ಪದ್ಧತಿ ಬದಲಾಯಿತು. ಈಗ ಒಂದು ಆಯೋಗ ಆಸಕ್ತಿ ಇರುವ ಊರುಗಳ ಜೊತೆ ಮಾತಾಡುತ್ತಾ ಇರುತ್ತದೆ, ಒಂದನ್ನು ಆರಿಸಿ ಮುಂದಿಡುತ್ತದೆ. ಬ್ರಿಸ್ಬೇನ್‌ಗೆ 2021ರ ಜುಲೈನಲ್ಲಿ 72 ಮತ ಪರವಾಗಿ, 5 ವಿರುದ್ಧವಾಗಿ ಬಿದ್ದವು. ಇದರಿಂದ ಸೋಲುವ ಊರುಗಳ ಖರ್ಚು ಉಳಿಯಿತು, ಅದು ನಿಜ. ಮಾತು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ, ಅದು ನನಗೆ ಹಿಡಿಸಲ್ಲ.

ರಗಳೆ ಎಲ್ಲಿ ತಪ್ಪಿತು? ಬ್ರಿಸ್ಬೇನ್‌ನ ಗಬ್ಬಾ ಕ್ರಿಕೆಟ್ ಮೈದಾನವನ್ನೇ ಕೆಡವಿ ಕಟ್ಟುತ್ತೇವೆ ಅಂದಿದ್ದರು. 2024ರಲ್ಲಿ ಅದನ್ನು ಕೈಬಿಟ್ಟರು. 2025ರ ಮಾರ್ಚ್‌ನಲ್ಲಿ ವಿಕ್ಟೋರಿಯಾ ಪಾರ್ಕ್‌ನಲ್ಲಿ 63,000 ಆಸನದ ಹೊಸ ಕ್ರೀಡಾಂಗಣ ಅಂದರು. ಮೊದಲು ಜಗಳ ಹೆಚ್ಚಾಗಿ ಕೂಟ ಸಿಗುವ ಮುಂಚೆ ಆಗುತ್ತಿತ್ತು, ಈಗ ಸಿಕ್ಕ ಮೇಲೆ ಆಗುತ್ತಿದೆ.

ಗ್ಯಾಲರಿಗಿರಾಕಿ:
ಅದೆಲ್ಲ ಇರಲಿ, ನೀವು ಎಣಿಸಿದ ಕೋಣೆಗಳ ಕಥೆ ಏನಾಯ್ತು?

ಲೆಕ್ಕದಪುಸ್ತಕ:
ನಮ್ಮ ಊರು ಮೊದಲ ಸುತ್ತಿನ ಆಯ್ಕೆಯಲ್ಲೇ ಹೊರಗೆ ಬಿತ್ತು. ಇನ್ನೂ ನಾಲ್ಕು ವರ್ಷ ಕಳೆದ ಮೇಲೆ ಒಂದು ಸಲ ಆ ಬೀದಿಯಲ್ಲಿ ಹೋದೆ. ಸೀಲ್ ಮೂರು ಸಲ ಒತ್ತಿದ್ದರಲ್ಲ, ಆ ಹೋಟೆಲಿನ ಜಾಗದಲ್ಲಿ ಕಣ್ಣಿನ ಆಸ್ಪತ್ರೆ ಇತ್ತು.