ಸಹಾಯ ಬೇಕು: ಬೆಂಗಳೂರು–ಲಂಡನ್ ವಿಮಾನದಲ್ಲಿ ಅಪ್ಪನ ಇನ್ಸುಲಿನ್ ವೇಳೆ

ಎಲ್ಲರಿಗೂ ನಮಸ್ಕಾರ. ತಂಗಿಯ ಬಾಣಂತನಕ್ಕೆಂದು ಅಪ್ಪ, ಅಮ್ಮ ಜುಲೈನಲ್ಲಿ ಲಂಡನ್‌ಗೆ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಅಪ್ಪನಿಗೆ ಸಕ್ಕರೆ ಕಾಯಿಲೆ, ಎರಡು ಹೊತ್ತೂ ಇನ್ಸುಲಿನ್ ಬೇಕೇ ಬೇಕು.

ನೇರ ದೂರ 8,000 ಕಿ.ಮೀ.ಗೆ ತುಸು ಹೆಚ್ಚು. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಒಂಬತ್ತು ಗಂಟೆ ಬರುತ್ತದೆ. ಆದರೆ ಹೋಗುವಾಗ ಎದುರುಗಾಳಿ, ಜೊತೆಗೆ ಸುತ್ತುಬಳಸಿನ ದಾರಿ. ಹತ್ತು, ಹನ್ನೊಂದು ಗಂಟೆಯೇ ಹಿಡಿಯುತ್ತದೆ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಇರುವುದರಿಂದ ಇದು ಮೇಲುನೋಟಕ್ಕೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಂದರೆ ಅಪ್ಪನ ಆ ದಿನ ಅಷ್ಟು ಉದ್ದವಾಗುತ್ತದೆ. ನನ್ನ ಆತಂಕವೆಲ್ಲ ಇದೇ.

ಪ್ರಮಾಣ ಎಷ್ಟೆಂಬುದನ್ನು ವೈದ್ಯರನ್ನೇ ಕೇಳುತ್ತೇವೆ. ಔಷಧ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಹೆಪ್ಪುಗಟ್ಟಿ ಕೆಡಬಹುದು ಎಂಬುದೂ ಗೊತ್ತು. ನನಗೆ ಬೇಕಿರುವುದು ಅನುಭವದ ಮಾತು. ತಪಾಸಣೆಯಲ್ಲಿ ಸೂಜಿಗೆ ವೈದ್ಯರ ಚೀಟಿ ಸಾಕಾಯಿತೇ? ವಿಮಾನ ಏರಿ ಎಷ್ಟು ಹೊತ್ತಿಗೆ ಊಟ ಬಂತು? ಮುಂದಿನ ಇನ್ಸುಲಿನ್ ಅನ್ನು ಯಾವ ಊರಿನ ಗಡಿಯಾರ ನೋಡಿ ತೆಗೆದುಕೊಂಡಿರಿ? ಹಿರಿಯರನ್ನು ಹೀಗೆ ಕಳುಹಿಸಿದವರು ದಯವಿಟ್ಟು ವಿವರವಾಗಿ ತಿಳಿಸಿ.